ಖಾನಾವಳಿ ತೋರಿಸಿದ ಕಾಕಾಗೆ

ಕಲಬುರಗಿಯ ಶರಣಬಸವೇಶ್ವರ ಗುಡಿ ಹತ್ತಿರ ನಾವು ಊಟಕ್ಕೆ ಹೋಟೆಲ್ ಹುಡುಕುತ್ತಿದ್ದಾಗ ಸೈಕಲ್ ನಿಲ್ಲಿಸಿದವರು ನೀವು. ಹೆಸರು ಕೇಳಿದರೆ, "ಹೆಸರು ತಗೊಂಡು ಏನ್ ಮಾಡ್ತೀರಿ, ಮೊದಲ ಊಟ ಮಾಡ್ರಿ" ಅಂದಿರಿ. ಅದಕ್ಕೇ ಇಲ್ಲಿ ಸುಮ್ನೆ ಕಾಕಾ ಎಂದೇ ಕರೆಯುತ್ತೇನೆ.

ನಾವು ಫ್ರೈಡ್ ರೈಸ್ ಬೋರ್ಡಿನ ಕಡೆ ಹೊರಟಿದ್ದೆವು. "ಅದು ಬೆಂಗಳೂರಾಗೂ ಸಿಗ್ತದ. ಇಲ್ಲಿತನ ಬಂದು ರೊಟ್ಟಿ ಉಣ್ಣದ ಹೋಗ್ತೀರೇನ್ರಿ?" ಎಂದು ತಡೆದಿರಿ. ಆ ಸುಡು ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಓಣಿಯೊಳಗಿನ ಖಾನಾವಳಿವರೆಗೂ ಬಂದಿರಿ. ದಾರಿ ಹೇಳಿ ಹೋಗಿದ್ದರೂ ಸಾಕಿತ್ತು, ಅಲ್ವಾ?

ಊಟ ಬಂತು. ಹಂಚಿನಿಂದ ನೇರ ತಟ್ಟೆಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು. ಆದರೆ ನನ್ನ ಮನಸ್ಸು ನಿಂತಿದ್ದು ಬೇಳೆಯ ಮೇಲೆ. ಬೆಳ್ಳುಳ್ಳಿ ಒಗ್ಗರಣೆ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಆದರೂ ಎಂಥ ರುಚಿ! ಬಡಿಸುತ್ತಿದ್ದ ಅವ್ವ, "ತಮ್ಮನ ಹೊಲದ ತೊಗರಿರೀ" ಎಂದರು. ಜೋಳವೂ ಅದೇ ಹೊಲದ್ದಂತೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಈ ಪ್ರದೇಶದ್ದೇ ವಿಶೇಷ ಬೆಳೆ ಎಂಬ ಅಧಿಕೃತ ಗುರುತು, ಸಿಕ್ಕಿದ್ದನ್ನು ಓದಿದ್ದೆ. ಇಲ್ಲಿನ ಕಪ್ಪು ಮಣ್ಣಿನ ಗುಣ ಎನ್ನುತ್ತಾರೆ. ಓದುವುದೇ ಬೇರೆ, ಉಣ್ಣುವುದೇ ಬೇರೆ ಬಿಡಿ. ದೊಡ್ಡ ಊರುಗಳಲ್ಲಿ ಇಂಥ ಊಟಕ್ಕೆ 'ಸ್ಥಳೀಯ ಬೆಳೆ' ಎಂದು ಬೋರ್ಡು ಹಾಕಿ ಜಾಸ್ತಿ ದುಡ್ಡು ಕೇಳುತ್ತಾರೆ. ಇಲ್ಲಿ ಬೋರ್ಡೇ ಇರಲಿಲ್ಲ.

ಅಲ್ಲಿಯವರೆಗಿನ ಸಪ್ಪೆ ಊಟಕ್ಕೆ ಬೇಜಾರಾಗಿದ್ದ ಅಪ್ಪ ಮತ್ತೊಂದು ರೊಟ್ಟಿ ಕೇಳಿದರು. ಅಷ್ಟರಲ್ಲಿ ನೀವು ಹೊರಟೇ ಹೋಗಿದ್ದಿರಿ. ಅವರದೂ ನನ್ನದೂ ಸೇರಿ ದೊಡ್ಡ ಧನ್ಯವಾದ, ಕಾಕಾ. ಮುಂದಿನ ಸಲ ನಮ್ಮ ಜೊತೆ ಕೂತು ಉಣ್ಣಬೇಕು, ಇಲ್ಲ ಅನ್ನಬೇಡಿ.