ಕೋತಿಯ ಪಾಠ ಆಯ್ತು, ನಮ್ಮ ತಪಾಸಣೆ ಯಾವಾಗ?

ಮಾನ್ಯರೇ,

ನಿನ್ನೆಯ ಪತ್ರಿಕೆಯಲ್ಲಿ ನಮ್ಮ ವಾರ್ಡಿನ ಸ್ತನ ತಪಾಸಣಾ ಶಿಬಿರ ‘ಯಶಸ್ವಿ’ ಎಂದು ಬಂದಿದೆ. ಫೋಟೋದ ಎರಡನೇ ಸಾಲಿನಲ್ಲಿ ಸೆರಗು ಹೊದ್ದು ತೂಕಡಿಸುತ್ತಿರುವವರು ನಮ್ಮ ಅತ್ತೆ. ಅವರಿಗೆ ತಪಾಸಣೆ ಆಗಿಲ್ಲ. ನನಗೂ ಆಗಿಲ್ಲ. ಆ ಸಾಲಿನಲ್ಲಿ ಕೂತ ಯಾರಿಗೂ ಆಗಿಲ್ಲ.

ಅತ್ತೆಗೆ 62 ವರ್ಷ. ಕಾರಟಗಿ ಕಡೆಯ ಹಳ್ಳಿಯಿಂದ ನಾಟಿ ಕೂಲಿ ಬಿಟ್ಟು ಬಂದಿದ್ದರು. ಬಸ್ಸೇನೋ ಹೆಂಗಸರಿಗೆ ಫ್ರೀ, ಟಂಟಂ ಫ್ರೀ ಅಲ್ಲವಲ್ಲ. ನಾನು ಅಂಗಡಿ ಕೆಲಸಕ್ಕೆ ರಜೆ ಹಾಕಿದೆ, ಸಂಬಳ ಕಟ್. ಮ್ಯಾಮೋಗ್ರಫಿ, ಅಂದರೆ ಸ್ತನದ ಎಕ್ಸ್‌ರೇ ತೆಗೆಯುವ ಮಷಿನ್ ಇರುವ ವ್ಯಾನ್ ಬಂದಿತ್ತು, ಸುಳ್ಳು ಹೇಳಬಾರದು. ಮಷಿನ್ ನಡೆಸುವವರು ಮಾತ್ರ ಬೇರೆ ಶಿಬಿರಕ್ಕೆ ಹೋಗಿದ್ದರಂತೆ. ಅವರು ಬರುವವರೆಗೆ ಸುಮ್ನೆ ಕೂರಬೇಡಿ ಅಂತ ಉಪನ್ಯಾಸ ಇಟ್ಟರು. ವಿಷಯ, ಕೋತಿಗಳ ಸ್ತನದಲ್ಲಿ ರಕ್ತನಾಳ ಬೆಳೆಸುವ ಜೀನುಗಳು!

ಒಂದೂವರೆ ತಾಸು ಕೇಳಿದ್ದೇನೆ, ಬಾಯಿಪಾಠ ಆಗಿದೆ. ಮೈನೆರೆದಾಗ, ಬಸುರಾದಾಗ, ಹಾಲುಣಿಸುವಾಗ ಎದೆಯಲ್ಲಿ ಹೊಸ ರಕ್ತನಾಳ ಹುಟ್ಟುತ್ತವೆ. ಮಗು ಹಾಲು ಬಿಟ್ಟ ಮೇಲೆ ಕುಗ್ಗುತ್ತವೆ. ಇದನ್ನು ಮಾಡಿಸುವ ಜೀನುಗಳಲ್ಲಿ ವಿಇಜಿಎಫ್ ಮುಖ್ಯ. ಇಲಿ ಬಿಟ್ಟು ಕೋತಿ ಯಾಕೆ ಅಂದರೆ ಅದಕ್ಕೂ ನಮ್ಮ ಹಾಗೆ ತಿಂಗಳಿಗೊಮ್ಮೆ ಮುಟ್ಟು. ಕ್ಯಾನ್ಸರ್ ಗಂಟು ಕೂಡ ಇದೇ ವಿಇಜಿಎಫ್ ಹಿಡಿದು ತನ್ನ ಕಡೆ ರಕ್ತ ಎಳೆದುಕೊಳ್ಳುತ್ತದೆ. ಇಲ್ಲದಿದ್ದರೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯುವುದು ಕಷ್ಟ. ಈ ವಿಇಜಿಎಫ್ ತಡೆಯುವ ಒಂದು ಔಷಧಿಗೆ ಸ್ತನ ಕ್ಯಾನ್ಸರ್ ವಿಷಯದಲ್ಲಿ ಅಮೆರಿಕದವರು ಕೊಟ್ಟ ಒಪ್ಪಿಗೆಯನ್ನು 2011ರಲ್ಲಿ ಅವರೇ ವಾಪಸ್ ತಗೊಂಡರಂತೆ. ಅಮೆರಿಕದ ಸುದ್ದಿ ಇಷ್ಟು ಗೊತ್ತಿದ್ದವರಿಗೆ ಮಷಿನ್ ನಡೆಸುವವರು ಎಲ್ಲಿದ್ದಾರೆ ಅಂತ ಮಾತ್ರ ಗೊತ್ತಿರಲಿಲ್ಲ.

ಪಾಠ ಚೆನ್ನಾಗಿತ್ತು, ಅದರಲ್ಲಿ ತಪ್ಪಿಲ್ಲ. ಆದರೆ ಅತ್ತೆಗೆ ಮೂರು ತಿಂಗಳಿಂದ ಎಡಗಡೆ ಎದೆಯಲ್ಲಿ ಕೈಗೆ ಗಂಟು ಸಿಗುತ್ತಿದೆ. ಅದು ಎಷ್ಟು ಮಿಲಿಮೀಟರ್ ಅಂತ ನೋಡಿಸೋಕೆ ತಾನೇ ನಾವು ಬಂದಿದ್ದು? ‘ಮಂಗ್ಯಾನ ಸುದ್ದಿ ಕೇಳಾಕ ಇಲ್ಲಿಗ್ಯಾಕ ಕರಕೊಂಡ್ ಬಂದಿ? ಅಂಜನಾದ್ರಿಗೆ ಹೋಗಿದ್ರ ಹನುಮಪ್ಪನ ದರ್ಶನಾನರ ಆಗ್ತಿತ್ತು’ ಅಂದರು. ಏನು ಹೇಳಲಿ?

ಮೂರು ಗಂಟೆಗೆ ವ್ಯಾನ್ ಹೊರಟೇ ಹೋಯ್ತು. ಅಧಿಕಾರಿಗಳು ಅದಕ್ಕೂ ಮೊದಲೇ, ಫೋಟೋ ಆದ ಕೂಡಲೇ ಹೋಗಿದ್ದರು. ಹೋದ ವರ್ಷ ಕಣ್ಣಿನ ಶಿಬಿರದಲ್ಲಿ ಅಳತೆ ತಗೊಂಡ ಕನ್ನಡಕ ಇನ್ನೂ ಬರುತ್ತಲೇ ಇದೆ. ನಮ್ಮ ಓಣಿಯ ಚರಂಡಿ ಅಗೆದವರು ಮುಚ್ಚೋಕೆ ಬಂದಿಲ್ಲ. ನಲ್ಲಿ ನೀರು ರಾತ್ರಿ ಎರಡಕ್ಕೆ ಬರುತ್ತದೆ, ಬಹುಶಃ ಆ ಹೊತ್ತಿಗೆ ಫೋನ್ ಮಾಡಿ ಕೇಳುವವರು ಯಾರೂ ಇರಲ್ಲ ಅಂತ. ಕೇಳಿದರೆ ಅರ್ಜಿ ಕೊಡಿ ಅಂತಾರೆ. ಕೊಟ್ಟರೆ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ.

ವ್ಯಾನ್ ಇದೇ ವಾರ ವಾಪಸ್ ಕಳಿಸಿ, ಮಷಿನ್ ನಡೆಸುವವರ ಜೊತೆ. ಆಗದಿದ್ದರೆ ಕೂಲಿ ಕಳಕೊಂಡವರಿಗೆ ಏನಾದರೂ ಕೊಡಿ. ಅದೂ ಆಗದಿದ್ದರೆ ‘ಉಚಿತ ಮ್ಯಾಮೋಗ್ರಫಿ’ ಅಂತ ಇನ್ನೂ ನೇತಾಡುತ್ತಿರುವ ಆ ಫ್ಲೆಕ್ಸ್ ಆದರೂ ಬಿಚ್ಚಿ. ನಿಮ್ಮ ವರದಿಗಾರರೂ ಒಮ್ಮೆ ಹಿಂದಿನ ಸಾಲಿನವರನ್ನು ಮಾತಾಡಿಸಬಹುದಿತ್ತು, ಅಲ್ವಾ?

– ನೊಂದ ಓದುಗಿ, ಗಂಗಾವತಿ