ಪುಟ್ಟಿಯ ಔಷಧ ನಿಲ್ಲಿಸಬೇಡಿ

ಗೋಥೆನ್‌ಬರ್ಗ್, ಸ್ವೀಡನ್
18 ನವೆಂಬರ್ 2024

ತೀರ್ಥರೂಪ ಅಪ್ಪಯ್ಯನವರ ಪಾದಗಳಿಗೆ ನಿಮ್ಮ ಮಗನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ.

ನಿಮ್ಮ ಪತ್ರ ಮೊನ್ನೆ ತಲುಪಿತು. ಪುಟ್ಟಿಯ ಎಡಗಣ್ಣಿನ ದೃಷ್ಟಿ ಪೂರ್ತಿ ಮರಳಿದೆಯಾದ್ದರಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಗೆಂದು ಆರು ತಿಂಗಳಿಗೊಮ್ಮೆ ಹಾಕಿಸಬೇಕೆಂದಿರುವ ರಿಟುಕ್ಸಿಮ್ಯಾಬ್ ಔಷಧದ ಡ್ರಿಪ್ಪನ್ನು ಅವಳ ಮದುವೆ ಮುಗಿಯುವವರೆಗಾದರೂ ನಿಲ್ಲಿಸೋಣ ಎಂದು ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಫೋನಿನಲ್ಲಿ ಈ ಮಾತೆತ್ತಿದರೆ ಅಮ್ಮ ಅಳುತ್ತಾರೆ, ನಾನೂ ಅರ್ಧಕ್ಕೇ ಬಿಟ್ಟುಬಿಡುತ್ತೇನೆ. ಅದಕ್ಕಾಗಿ ವಿವರವಾಗಿ ಬರೆಯುತ್ತಿದ್ದೇನೆ.

ಮಲ್ಟಿಪಲ್ ಸ್ಕ್ಲೆರೋಸಿಸ್ ಕೇವಲ ಕಣ್ಣಿನ ಕಾಯಿಲೆಯಲ್ಲ, ಅತ್ತೆ ಹೇಳುವ ನರದೌರ್ಬಲ್ಯವೂ ಅಲ್ಲ. ಸೋಂಕಿನೊಡನೆ ಹೋರಾಡಬೇಕಾದ ರಕ್ತದ ಬಿಳಿಕಣಗಳು ಮಿದುಳು ಮತ್ತು ಬೆನ್ನುಹುರಿಯೊಳಗೆ ನುಗ್ಗಿ, ನರತಂತುಗಳ ಮೇಲಿನ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ಶತ್ರುವೆಂದು ಬಗೆದು ಹಾಳುಮಾಡುತ್ತವೆ. ಕಾಲಿಗೆ ಮುಳ್ಳು ಹೊಕ್ಕಾಗ ಬರುವ ಉರಿಯೂತ ಮುಳ್ಳು ತೆಗೆದ ಮೇಲೆ ಇಳಿದುಹೋಗುತ್ತದೆ. ಇದು ಇಳಿಯದೆ ವರ್ಷಗಟ್ಟಲೆ ಒಳಗೇ ಉಳಿಯುವ ಉರಿಯೂತ. ಕಣ್ಣು ಮಂಜಾದಾಗ ಕೊಟ್ಟ ಸ್ಟೀರಾಯ್ಡ್ ಕಣ್ಣಿನ ನರದ ಊತವನ್ನು ಬೇಗ ಇಳಿಸಿತು, ಅಷ್ಟೇ. ಎಂ.ಆರ್.ಐ.ಯಲ್ಲಿ ಕಂಡ ಉಳಿದ ಮಚ್ಚೆಗಳು ಯಾವಾಗ ಮೂಡಿದವೆಂಬುದು ಪುಟ್ಟಿಗೇ ಗೊತ್ತಾಗಿರಲಿಲ್ಲವಲ್ಲ, ಅದೇ ಈ ಕಾಯಿಲೆಯ ಸ್ವಭಾವ. ಮೇಲೆ ಎಲ್ಲವೂ ಶಾಂತವಾಗಿ ಕಾಣುವಾಗಲೂ ಮಿದುಳಿನ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಬೂದಿ ಮುಚ್ಚಿದ ಕೆಂಡದಂತೆ ಕೆರಳಿಯೇ ಇರಬಹುದು. ಹೊದಿಕೆ ಸ್ವಲ್ಪ ಮಟ್ಟಿಗೆ ಮತ್ತೆ ಬೆಳೆದೀತು. ಮಿದುಳಿನಲ್ಲಿ ಒಮ್ಮೆ ಕಡಿದುಹೋದ ತಂತು ಮರಳಿ ಬೆಳೆಯುವುದಿಲ್ಲ. ಆದ್ದರಿಂದಲೇ ಕಣ್ಣು ಚೆನ್ನಾಗಿರುವಾಗಲೇ ಔಷಧ ಬೇಕು. ಅತ್ತೆಯ ಅರಿಶಿನದ ಹಾಲನ್ನು ಕುಡಿಯಲಿ, ಆದರೆ ಡ್ರಿಪ್ಪಿನ ಬದಲಿಗೆ ಅಲ್ಲ.

ದೀಪಾವಳಿಯ ಅಭ್ಯಂಜನದಲ್ಲಿ ಹಂಡೆಯ ಬಿಸಿನೀರು ಹೊಯ್ದುಕೊಂಡಾಗ ಕಣ್ಣು ಮತ್ತೆ ಮಂಜಾಯಿತೆಂದು ಎಲ್ಲರೂ ಗಾಬರಿಯಾದಿರಂತೆ. ಹೊದಿಕೆ ಸವೆದ ನರ ಮೈ ಬಿಸಿಯಾದಾಗ ಸಂದೇಶವನ್ನು ಸರಿಯಾಗಿ ಸಾಗಿಸಲಾರದು, ತಣ್ಣಗಾದೊಡನೆ ಸರಿಹೋಗುತ್ತದೆ. ಅರ್ಧ ಗಂಟೆಯಲ್ಲಿ ಸರಿಯಾದದ್ದರಿಂದ ಅದು ಕಾಯಿಲೆಯ ಹೊಸ ದಾಳಿಯಲ್ಲ. ಉಗುರುಬೆಚ್ಚಗಿನ ನೀರು ಸಾಕು. ಮಂಜು ಒಂದು ದಿನ ದಾಟಿದರೆ, ಅಥವಾ ಜ್ವರ ಬಂದರೆ, ಆಗ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದೇ ಕಾರಣವೆಂದು ಅಮ್ಮ ಕೊರಗುವುದನ್ನು ಬಿಡಬೇಕು. ಅಮೆರಿಕದ ಸೇನೆಯ ಸುಮಾರು 1 ಕೋಟಿ ಜನರ ದಾಖಲೆಗಳನ್ನೂ ಅವರಲ್ಲಿ ಕೆಲವರ ರಕ್ತದ ಮಾದರಿಗಳನ್ನೂ ಪರಿಶೀಲಿಸಿ 2022ರಲ್ಲಿ ಹಾರ್ವರ್ಡಿನವರು ಪ್ರಕಟಿಸಿದ ಅಧ್ಯಯನದಲ್ಲಿ, ಎಪ್ಸ್ಟೀನ್-ಬಾರ್ ಎಂಬ ವೈರಸ್ ತಗಲಿದ ಮೇಲೆ ಈ ಕಾಯಿಲೆಯ ಅಪಾಯ 32 ಪಟ್ಟು ಹೆಚ್ಚುವುದು ಕಂಡುಬಂದಿದೆ. ಆ ವೈರಸ್ ನನಗೂ ನಿಮಗೂ, ಬಹುತೇಕ ಎಲ್ಲರಿಗೂ ಎಂದೋ ತಗಲಿರುತ್ತದೆ. ಕೆಲವರಲ್ಲಿ ಮಾತ್ರ ಹೀಗಾಗುತ್ತದೆ. ಅಮ್ಮನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಇಲ್ಲಿ ಈಗ ನಾಲ್ಕು ಗಂಟೆಗೇ ಕತ್ತಲು. ಬಿಸಿಲು ಕಡಿಮೆಯಾದ್ದರಿಂದ ಹಾಲಿಗೆ ಡಿ ವಿಟಮಿನ್ ಬೆರೆಸಬೇಕೆಂದು ಕಾನೂನೇ ಇದೆ, ಮಾರ್ಚಿನಲ್ಲಿ ಸೂರ್ಯ ಕಂಡರೆ ಜನ ಗೋಡೆಗೊರಗಿ ಕಣ್ಮುಚ್ಚಿ ನಿಂತುಬಿಡುತ್ತಾರೆ. ಈ ದೇಶದಲ್ಲಿ ಸುಮಾರು 500 ಜನರಲ್ಲಿ ಒಬ್ಬರಿಗೆ ಪುಟ್ಟಿಯದೇ ಕಾಯಿಲೆ, ಬಹಳ ಮಂದಿಗೆ ಇದೇ ಔಷಧ. ನನ್ನ ಕಚೇರಿಯ ಮಹಿಳೆಯೊಬ್ಬರು ಕಾಯಿಲೆ ಬಂದು 14 ವರ್ಷವಾದರೂ ಇಬ್ಬರು ಮಕ್ಕಳನ್ನು ಶಾಲೆಗೆ ಬಿಟ್ಟು ಸೈಕಲ್ಲಿನಲ್ಲೇ ಕೆಲಸಕ್ಕೆ ಬರುತ್ತಾರೆ.

ಆದ್ದರಿಂದ ಮದುವೆಯಾಗಬಾರದೆಂದು ನಾನು ಹೇಳುವುದಿಲ್ಲ. ಮುಚ್ಚಿಟ್ಟು ಮಾಡಬೇಡಿ ಎಂದಷ್ಟೇ ಹೇಳುತ್ತೇನೆ. ಮುಚ್ಚಿಟ್ಟರೆ ಆ ಮನೆಯಲ್ಲಿ ಅವಳು ಡ್ರಿಪ್ ಹಾಕಿಸಿಕೊಳ್ಳುವುದು ಹೇಗೆ? ಶಿರಸಿಯ ಗಂಡಿನ ಮನೆಯವರಿಗೆ ಪುಟ್ಟಿಯ ಒಪ್ಪಿಗೆ ಪಡೆದು ನೀವೇ ಹೇಳಿ. ತಾಯಿಗಿದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ 2-3 ಮಾತ್ರ. ಬಸುರಿನ ಕೊನೆಯ ಮೂರು ತಿಂಗಳಲ್ಲಿ ದಾಳಿಗಳು ಕಡಿಮೆಯಾಗುತ್ತವೆ, ಹೆರಿಗೆಯ ನಂತರದ ಮೂರು ತಿಂಗಳು ಎಚ್ಚರ ಬೇಕು. ಔಷಧದ ಸಮಯವನ್ನು ವೈದ್ಯರು ಹೊಂದಿಸಿಕೊಡುತ್ತಾರೆ. ಇಷ್ಟು ಕೇಳಿಯೂ ಅವರು ಹಿಂದೆ ಸರಿದರೆ ಸರಿಯಲಿ.

ತೋಟದ ಮೇಲೆ ಸಾಲ ಮಾಡಬೇಡಿ, ಡ್ರಿಪ್ಪಿನ ಹಣ ಪ್ರತಿ ಸಲವೂ ನಾನೇ ಕಳುಹಿಸುತ್ತೇನೆ. ಇನ್ನೊಂದು ಮಾತು, ಚಿಕ್ಕ ಬಾಯಲ್ಲಿ ದೊಡ್ಡ ಮಾತೆನ್ನಬೇಡಿ: ಹೊಗೆ ಅವಳಿಗೆ ಒಳ್ಳೆಯದಲ್ಲ, ಜಗುಲಿಯಲ್ಲಿ ಬೀಡಿ ಸೇದಬೇಡಿ. ಪುಟ್ಟಿ ಚೆನ್ನಾಗಿರುತ್ತಾಳೆ, ಖಂಡಿತ ಚೆನ್ನಾಗಿರುತ್ತಾಳೆ, ನೀವು ನಿದ್ದೆಗೆಡಬೇಡಿ. ದಿನಸಿ ಅಂಗಡಿಯೊಳಗಿನ ಅಂಚೆ ಕೌಂಟರ್ ಮುಚ್ಚುವ ಹೊತ್ತಾಯಿತು. ಡ್ರಿಪ್ಪಿನ ದಿನಾಂಕ ಗೊತ್ತಾದೊಡನೆ ತಿಳಿಸಿ.

ಇಂತಿ ನಿಮ್ಮ ಮಗ