ದೋಸ್ತನಿಗೊಂದು ಪತ್ರ: ಕೆಂಪು ಕೋಟೆಯ ಬಾವುಟ, ನಮ್ಮಿಬ್ಬರ ಜಗಳ

ಪ್ರಿಯ ದೋಸ್ತ,

ಬೈಸಾಖಿ ಹಬ್ಬಕ್ಕೆ ನಮ್ಮ ಬೀದರಿನ ಝೀರಾ ಗುರುದ್ವಾರಕ್ಕೆ ಹೋಗಿದ್ದೆ. ತಲೆಗೆ ಕರ್ಚೀಫ್ ಕಟ್ಟಿಕೊಂಡು, ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು, ಬುಗ್ಗೆಯ ನೀರು ಕುಡಿದು ಹೊರಗೆ ಬಂದೆ. ಸಿಖ್ಖರ ಬಾವುಟ ನಿಶಾನ್ ಸಾಹಿಬ್‌ನ ಕಂಬಕ್ಕೆ ಹೊಸ ಬಟ್ಟೆ ಸುತ್ತಿದ್ದರು. ಬುಡದಿಂದ ತುದಿವರೆಗೂ ಕೇಸರಿ. ಮೇಲೆ ಅದೇ ಮುಕ್ಕೋನೆ ಬಾವುಟ, ನಡುವೆ ಕತ್ತಿಗಳ ಗುರುತು, ಖಂಡಾ. ನೋಡುತ್ತಿದ್ದ ಹಾಗೆ ನಿನ್ನ ನೆನಪಾಯಿತು. ಈ ಬಾವುಟದ ಸಲುವಾಗಿಯೇ ಅಲ್ವಾ ನಾವು ಮಾತು ಬಿಟ್ಟಿದ್ದು?

2021ರ ಜನವರಿ 26. ನೀನು ಬೆಂಗಳೂರಲ್ಲಿ, ನಾನು ಬೀದರಲ್ಲಿ, ಇಬ್ಬರೂ ಟಿವಿ ಮುಂದೆ. ಮೂರು ಹೊಸ ಕೃಷಿ ಕಾಯ್ದೆ ಬೇಡ ಅಂತ ಎರಡು ತಿಂಗಳಿಂದ ದಿಲ್ಲಿಯ ಸಿಂಘು, ಟಿಕ್ರಿ, ಗಾಜಿಪುರ ಗಡಿಗಳಲ್ಲಿ ಚಳಿಯಲ್ಲಿ ಕೂತಿದ್ದ ರೈತರು ಅವತ್ತು ಟ್ರ್ಯಾಕ್ಟರ್ ಪರೇಡ್ ಹೊರಟಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ಗುಂಪು ಕೆಂಪು ಕೋಟೆ ಹತ್ತಿತ್ತು. ಆಗ ನಿನ್ನ ಮೆಸೇಜ್ ಬಂತು: 'ತ್ರಿವರ್ಣ ಇಳಿಸಿ ಖಲಿಸ್ತಾನ್ ಬಾವುಟ ಹಾರಿಸಿದ್ರು ನೋಡು.'

ನನಗೆ ಸಿಟ್ಟಿಗಿಂತ ಆಶ್ಚರ್ಯ ಜಾಸ್ತಿ ಆಯಿತು. ಸ್ಕೂಲಿಗೆ ಚಕ್ಕರ್ ಹೊಡೆದು ಲಂಗರ್ ಊಟಕ್ಕೆ ಓಡುತ್ತಿದ್ದವರು ನಾವು. ಆ ಬಾವುಟದ ಕೆಳಗೆ ಎಷ್ಟು ಸಲ ಚಪ್ಪಲಿ ಹುಡುಕಿದ್ದೀವಿ! ಗುರು ಗೋವಿಂದ ಸಿಂಗರ ಐವರು ಪ್ಯಾರೆಗಳಲ್ಲಿ, ಅಂದರೆ ಮೆಚ್ಚಿನ ಶಿಷ್ಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರೇ ಅಂತ ನನಗೆ ಮೊದಲು ಹೇಳಿದ್ದು ನೀನು. ಎಲ್ಲ ಗುರುದ್ವಾರದಲ್ಲೂ ಇರುವ ಬಾವುಟವನ್ನ ಟಿವಿಯಲ್ಲಿ ನೋಡಿ ಗುರುತೇ ಹಿಡಿಯಲಿಲ್ಲವಲ್ಲ ಅನಿಸಿತು. ತ್ರಿವರ್ಣ ಧ್ವಜ ತನ್ನ ಜಾಗದಲ್ಲೇ ಇತ್ತು. ಇವರು ಕಟ್ಟಿದ್ದು ಮುಂದೆ ಖಾಲಿ ಇದ್ದ ಕಂಬಕ್ಕೆ. ಹಾಗಂತ ಕಟ್ಟಿದ್ದು ಸರಿ ಅನ್ನುತ್ತಿಲ್ಲ. ಆ ಜಾಗದಲ್ಲಿ ಯಾವ ಧರ್ಮದ ಬಾವುಟಕ್ಕೂ ಕೆಲಸವಿಲ್ಲ.

ಆದರೆ ಇವತ್ತು ಬರೆಯಲು ಕೂತಿದ್ದು ನಿನ್ನ ತಪ್ಪು ತೋರಿಸಲಿಕ್ಕಲ್ಲ.

ಅದೇ ದಿನ ದಿಲ್ಲಿಯ ಐಟಿಓ ಚೌಕದ ಹತ್ತಿರ ಒಬ್ಬ ಯುವ ರೈತ ಸತ್ತ. ಪೊಲೀಸರ ಗುಂಡಿಗೆ ಬಲಿ ಅಂತ ನಾನು ನಿನಗೆ ಕಳಿಸಿದೆ. ನಿನಗೊಬ್ಬನಿಗೇ ಅಲ್ಲ, ಹತ್ತು ಗ್ರೂಪಿಗೆ ಕಳಿಸಿದೆ. ಸಂಜೆ ಪೊಲೀಸರು ಸಿಸಿಟಿವಿ ವಿಡಿಯೊ ಬಿಟ್ಟರು. ಟ್ರ್ಯಾಕ್ಟರ್ ಜೋರಾಗಿ ಬಂದು ಬ್ಯಾರಿಕೇಡಿಗೆ ಗುದ್ದಿ ಮಗುಚುವುದು ಅದರಲ್ಲಿ ಕಾಣುತ್ತದೆ. ನಾನು ಮೂರು ಸಲ ನೋಡಿದೆ. ನೋಡಿಯೂ 'ಪೊಲೀಸರ ವಿಡಿಯೊ ತಾನೇ' ಅಂದೆ. ಮರಣೋತ್ತರ ಪರೀಕ್ಷೆಯಲ್ಲಿ ತಲೆಗೆ ಪೆಟ್ಟು ಬಿದ್ದು ಸಾವು ಅಂತ ಬಂತು. ಮನೆಯವರು ಒಪ್ಪಲಿಲ್ಲ. ಮಗನನ್ನ ಕಳೆದುಕೊಂಡವರು ಅವರು, ಅವರ ಸಂಶಯಕ್ಕೆ ನಾನು ಮಾತಾಡಲ್ಲ. ಆದರೆ ನನಗೇನಾಗಿತ್ತು? ಬಾವುಟದ ವಿಷಯದಲ್ಲಿ ಜಾಣ ಆಗಿದ್ದು ಝೀರಾ ಪಕ್ಕ ಬೆಳೆದಿದ್ದಕ್ಕೆ, ಅಷ್ಟೇ. ಐಟಿಓ ಪಕ್ಕ ನಾನು ಬೆಳೆದಿರಲಿಲ್ಲ.

ಆಮೇಲೆ ದೀಪ್ ಸಿಧು. ಅವತ್ತು ಕೆಂಪು ಕೋಟೆಯಲ್ಲಿದ್ದವನು. ಸಿನಿಮಾ ನಟ, 2019ರ ಚುನಾವಣೆಯಲ್ಲಿ ಗುರುದಾಸಪುರದಲ್ಲಿ ಬಿಜೆಪಿಯ ಸನ್ನಿ ದೇವಲ್ ಪರ ಪ್ರಚಾರ ಮಾಡಿದವನು. ಪ್ರಧಾನಿ ಜೊತೆಗಿನ ಅವನ ಫೋಟೊ ಎಲ್ಲ ಕಡೆ ಓಡಾಡಿತು. 'ಸರ್ಕಾರವೇ ಕಳಿಸಿದ ಆಳು' ಅಂತ ನಾನು. 'ಖಲಿಸ್ತಾನಿ' ಅಂತ ನೀನು. ಒಬ್ಬನೇ ಮನುಷ್ಯ, ಇಬ್ಬರಿಗೂ ಬೇಕಾದ ಹಾಗೆ ಒದಗಿದ! ಹಿಂದಿನ ರಾತ್ರಿಯೇ ಸಿಂಘು ವೇದಿಕೆ ಮೇಲೆ ಕೆಲವು ಹುಡುಗರು ಹತ್ತಿ, ಪೊಲೀಸರು ಒಪ್ಪಿದ ದಾರಿ ಬೇಡ, ದಿಲ್ಲಿ ಒಳಗೇ ಹೋಗೋಣ ಅಂತ ಗಲಾಟೆ ಮಾಡಿದ್ದರು. ಆ ಸುದ್ದಿ ನಮ್ಮಿಬ್ಬರಿಗೂ ರುಚಿಸಲಿಲ್ಲ. ಕಥೆಯಲ್ಲಿ ಪಿತೂರಿಯೇ ಇಲ್ಲದೆ, ಬರೀ ಮುಖಂಡರ ಮಾತು ಮೀರಿದ ಹುಡುಗರಿದ್ದರೆ ಏನು ಮಜಾ?

ಒಂದು ಮಾತು ಮಾತ್ರ ಬಿಡಲ್ಲ. ಜನ ನಂಬದೆ ಹೋದದ್ದಕ್ಕೆ ಕಾರಣ ಇತ್ತು. ಗಡಿಗಳಲ್ಲಿ ಇಂಟರ್ನೆಟ್ ನಿಲ್ಲಿಸಿದರು. ಅಲ್ಲಿದ್ದವರು ಏನು ಕಂಡರು ಅಂತ ಹೇಳುವ ಬಾಯಿಯೇ ಕಟ್ಟಿದರೆ, ಇಲ್ಲಿ ಕೂತ ನಮ್ಮಂಥವರ ಬಾಯಿ ಸುಮ್ನೆ ಇರುತ್ತಾ? ರೈತನ ಸಾವಿನ ಬಗ್ಗೆ ಟ್ವೀಟ್ ಮಾಡಿದ ಪತ್ರಕರ್ತರ ಮೇಲೆ, ಶಶಿ ತರೂರ್ ಮೇಲೆ ದೇಶದ್ರೋಹದ ಕೇಸು ಬಿತ್ತು. ಅವರು ಆತುರ ಬಿದ್ದದ್ದು ನಿಜ. ಆತುರಕ್ಕೆ ದೇಶದ್ರೋಹವಾ? ಹಾಗಾದರೆ ನನ್ನನ್ನೂ ನಿನ್ನನ್ನೂ ಎಲ್ಲಿಡಬೇಕು? ಫೆಬ್ರವರಿಯಲ್ಲಿ ನಿಮ್ಮ ಬೆಂಗಳೂರಿನ ಪರಿಸರ ಕಾರ್ಯಕರ್ತೆ ದಿಶಾ ರವಿಯನ್ನ, ಟೂಲ್‌ಕಿಟ್ ಅಂತ, ಅಂದರೆ ಹೋರಾಟಕ್ಕೆ ಹೇಗೆ ಬೆಂಬಲ ಕೊಡಬೇಕು ಅಂತ ಬರೆದಿದ್ದ ಆನ್‌ಲೈನ್ ಕಡತದ ಹೆಸರಲ್ಲಿ, ಹಿಡಿದು ದಿಲ್ಲಿಗೆ ಕರೆದೊಯ್ದರು. ಆ ಹುಡುಗಿಗೆ ಆಗ 22 ವರ್ಷ. ಹತ್ತು ದಿನಕ್ಕೆ ಜಾಮೀನು ಸಿಕ್ಕಿತು, ಸಾಕ್ಷ್ಯದಲ್ಲಿ ಹುರುಳಿಲ್ಲ ಅಂತ ಜಡ್ಜ್ ಹೇಳಿದರು. ಅಷ್ಟರಲ್ಲಿ 'ಅಂತರರಾಷ್ಟ್ರೀಯ ಪಿತೂರಿ' ಎಲ್ಲರ ಫೋನಿಗೂ ತಲುಪಿ ಆಗಿತ್ತು. ನಿನ್ನದರಿಂದ ನನ್ನದಕ್ಕೂ.

ಇನ್ನೊಂದು ಕಡೆ ನೂರಾರು ಪೊಲೀಸರಿಗೆ ಗಾಯ ಆಗಿತ್ತು. ಕೋಟೆಯ ಗೋಡೆ ಮೇಲಿಂದ ಕಂದಕಕ್ಕೆ ಒಬ್ಬೊಬ್ಬರೇ ಜಿಗಿಯುತ್ತಿದ್ದರಲ್ಲ, ಆ ವಿಡಿಯೊ ನೀನು ಕಳಿಸಿದ್ದೆ. ನಾನು ಅದನ್ನ ಪೂರ್ತಿ ನೋಡಲೇ ಇಲ್ಲ. ಮೊನ್ನೆ ನೋಡಿದೆ. ಲಾಠಿ ಹಿಡಿದವರೂ ಪ್ರಾಣ ಉಳಿದರೆ ಸಾಕು ಅಂತ ಹಾರುತ್ತಿದ್ದಾರೆ. ಅವರಲ್ಲೂ ಎಷ್ಟೋ ಜನ ಹೊಲಮನೆಯಿಂದಲೇ ಬಂದವರಿರಬೇಕು.

ಅದೇ ವರ್ಷ ನವೆಂಬರಿನಲ್ಲಿ ಕಾಯ್ದೆಗಳೇ ವಾಪಸ್ ಹೋದವು. ರೈತರು ಊರಿಗೆ ಮರಳಿದರು. ನಾವಿಬ್ಬರು ಮಾತ್ರ ಮರಳಲಿಲ್ಲ ನೋಡು.

ಮುಂದಿನ ತಿಂಗಳು ಊರಿಗೆ ಬರ್ತೀಯಂತೆ, ನಿಮ್ಮಮ್ಮ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಝೀರಾಕ್ಕೆ ಹೋಗೋಣ. ಕರ್ಚೀಫ್ ಮರೀಬೇಡ, ನನ್ನ ಹತ್ರ ಒಂದೇ ಇರೋದು. ದೀಪ್ ಸಿಧು ವಿಷಯದಲ್ಲಿ ನಿನ್ನ ಮಾತನ್ನ ನಾನು ಇವತ್ತಿಗೂ ಒಪ್ಪಲ್ಲ, ಅದನ್ನ ಲಂಗರ್ ಊಟ ಆದ ಮೇಲೆ ನೋಡೋಣ.

ನಿನ್ನ ದೋಸ್ತ